ಗುಮ್ಮಟ ಇಲ್ಲ, ಮಿನಾರ್ ಇಲ್ಲ: ಕೋಯಿಕ್ಕೋಡಿನ ಮಿಶ್ಕಾಲ್ ಪಳ್ಳಿ ನೋಡಿದವರು ಯಾರಿದ್ದೀರಿ?

ಮಂಜಿನೂರು
ಅಮ್ಮನ ಮೊಣಕಾಲು ತೋರಿಸೋಕೆ ಹೋದ ವಾರ ಕೋಯಿಕ್ಕೋಡಿಗೆ (ಕಲ್ಲಿಕೋಟೆ) ಹೋಗಿದ್ದೆ. ಡಾಕ್ಟರ್ ಸಿಗೋದು ಸಂಜೆ ನಾಲ್ಕಕ್ಕೆ ಅಂದ್ರು. ಅಮ್ಮನನ್ನ ನೆಂಟರ ಮನೇಲಿ ಮಲಗಿಸಿ, ಆಟೋ ಹತ್ತಿ "ಇಲ್ಲಿ ಹಳೇದು ಏನಾದ್ರೂ ಇದ್ರೆ ತೋರಿಸಪ್ಪ" ಅಂದೆ. ಅವನು ತಂದು ಇಳಿಸಿದ್ದು ಕುಟ್ಟಿಚ್ಚಿರ ಅನ್ನೋ ಕಡೆ. ಮಧ್ಯೆ ದೊಡ್ಡ ಕೆರೆ, ಮೆಟ್ಟಿಲ ಮೇಲೆ ಮುದುಕರು ಹರಟೆ ಹೊಡೀತಾ ಇದ್ರು. ಅದರ ಪಕ್ಕ ನಾಲ್ಕು ಅಂತಸ್ತಿನ ಮರದ ಕಟ್ಟಡ. ಮೇಲೆ ಹೋಗ್ತಾ ಹೋಗ್ತಾ ಅಂತಸ್ತು ಕಿರಿದಾಗುತ್ತೆ, ಪ್ರತಿ ಅಂತಸ್ತಿಗೂ ಇಳಿಜಾರು ಮಾಡು, ಹಂಚು. ತಿಳಿ ನೀಲಿ ಬಣ್ಣ ಬಳಿದ ಮರದ ಜಾಲರಿ. ನಾನು ಯಾವುದೋ ಹಳೇ ಅರಮನೆ ಅಂದ್ಕೊಂಡೆ, ಆಮೇಲೆ ದೇವಸ್ಥಾನ ಅಂದ್ಕೊಂಡೆ. ಆಟೋದವನು "ಪಳ್ಳಿ ಸಾರ್, ಮಿಶ್ಕಾಲ್ ಪಳ್ಳಿ, ಎಳುನೂರು ವರ್ಷ" ಅಂದ.

ಮಸೀದಿ! ಗುಮ್ಮಟ ಇಲ್ಲ, ಮಿನಾರ್ ಇಲ್ಲ.

ನಗು ಬಂತು ನನಗೆ. ಯಾಕಂದ್ರೆ ನಮ್ಮ ಮನೆ ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಹತ್ತಿರ. ಪ್ರತಿ ಶನಿವಾರ ಒಬ್ಬನಾದ್ರೂ ಟೂರಿಸ್ಟು ಕಾರು ನಿಲ್ಲಿಸಿ "ಅದು ದರ್ಗಾನಾ?" ಅಂತ ಕೇಳ್ತಾನೆ. ಮಧ್ಯೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರ್, ಪಾಪ ಅವನಾದ್ರೂ ಏನು ಮಾಡ್ತಾನೆ. ಅಲ್ಲಿ ನಾನು ಅದನ್ನೇ ಉಲ್ಟಾ ಕೇಳಿದ್ದೆ.

ಪ್ರಶ್ನೆ ಇಷ್ಟೇ: ಯಾಕೆ ಹಾಗೆ ಕಟ್ಟಿದ್ರು? ಎಳುನೂರು ವರ್ಷ ನಿಜಾನಾ, ಇಲ್ಲ ಆಟೋದವನ ಲೆಕ್ಕಾನಾ? ಕೊಡಗಿನಲ್ಲಿ ಆ ಥರದ್ದು ಯಾವುದಾದ್ರೂ ಉಳಿದಿದೆಯಾ?

ಗೋಣಿಕೊಪ್ಪ ಎಕ್ಸ್‌ಪ್ರೆಸ್
ಮೊದಲು ಹೇಳು, ಹಲ್ವ ತಂದ್ಯಾ?

ಮಂಜಿನೂರು
@ಗೋಣಿಕೊಪ್ಪ ಎಕ್ಸ್‌ಪ್ರೆಸ್ ಮಿಠಾಯಿ ತೆರುವಿನಿಂದ ಎರಡು ಕೆಜಿ. ಖಾಲಿ.

ಇತಿಹಾಸದ ಹುಚ್ಚ
ಆಟೋದವನ ಲೆಕ್ಕ ತಪ್ಪಿಲ್ಲ ಸರ್. ಹದಿನಾಲ್ಕನೇ ಶತಮಾನದ್ದು. ಕಟ್ಟಿಸಿದ್ದು ಮಿಶ್ಕಾಲ್ ಅನ್ನೋ ನಾಖುದಾ, ಅಂದ್ರೆ ಹಡಗಿನ ಯಜಮಾನ. ಯೆಮನ್ ಕಡೆಯವನು ಅಂತ ಹೇಳ್ತಾರೆ. ಇವನು ಬರೀ ದಂತಕಥೆ ಅಲ್ಲ. ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತ 1342ರ ಸುಮಾರಿಗೆ ಕೋಯಿಕ್ಕೋಡಿಗೆ ಬಂದಾಗ ಇವನ ಹೆಸರು ಬರೆದಿದ್ದಾನೆ. ಭಾರಿ ಸಾಹುಕಾರ, ಚೀನಾ, ಯೆಮನ್, ಪರ್ಷಿಯಾಗೆ ಹಡಗು ಓಡಿಸ್ತಾನೆ ಅಂತ. ಆಗ ಬಂದರಿನಲ್ಲಿ 13 ಚೀನಾ ಹಡಗು ನಿಂತಿದ್ವಂತೆ. ಅಷ್ಟು ದುಡ್ಡಿದ್ದವನು ಕಲ್ಲಿನ ಗುಮ್ಮಟ ಬೇಕು ಅಂದಿದ್ರೆ ಕಟ್ಟಿಸಬಹುದಿತ್ತು. ಕಟ್ಟಿಸಲಿಲ್ಲ.

ಒಂದು ಸಣ್ಣ ತಿದ್ದುಪಡಿ. ನೀವು ನೋಡಿದ್ದು ಪೂರ್ತಿ ಅವನ ಕಾಲದ್ದಲ್ಲ. 1510ರ ಜನವರಿಯಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ದಂಡು ಕಟ್ಟಿಕೊಂಡು ಬಂದು ಊರಿಗೆ ಬೆಂಕಿ ಇಟ್ಟ, ಆಗ ಈ ಮಸೀದೀನೂ ಸುಟ್ಟಿತು. ಮೇಲಿನ ಅಂತಸ್ತಿನಲ್ಲಿ ಸುಟ್ಟ ಗುರುತು ಇದೆ ಅಂತ ಈಗಲೂ ತೋರಿಸ್ತಾರೆ. ಮೊದಲು ಐದು ಅಂತಸ್ತಿತ್ತು, ರಿಪೇರಿ ಆದಮೇಲೆ ನಾಲ್ಕಾಯ್ತು.

ನೇರ ಮಾತು
ಇಷ್ಟುದ್ದ ಯಾಕೆ? ದೇವಸ್ಥಾನದ ಥರ ಕಾಣುತ್ತೆ ಅಂದ್ರೆ ದೇವಸ್ಥಾನವೇ ಇದ್ದಿದ್ದು. ಕೆರೆ ಬೇರೆ ಇದೆ, ಬಾಗಿಲು ಪೂರ್ವಕ್ಕೆ. ಇನ್ನೇನು ಬೇಕು?

ಇತಿಹಾಸದ ಹುಚ್ಚ
@ನೇರ ಮಾತು ಆ ಲೆಕ್ಕದಲ್ಲಿ ನಮ್ಮ ಓಂಕಾರೇಶ್ವರ ಮಸೀದಿ ಆಗಿರಬೇಕಲ್ವಾ? ಅದನ್ನ 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಬ್ರಹ್ಮರಾಕ್ಷಸನ ಕಾಟ, ಕಾಶಿಯಿಂದ ತಂದ ಲಿಂಗ, ಈ ಕಥೆ ನಿಮ್ಮ ಅಜ್ಜೀನೂ ಹೇಳಿರ್ತಾರೆ. ಯಾರೂ ಯಾವುದನ್ನೂ ಬದಲಾಯಿಸಿದ್ದಲ್ಲ, ರಾಜನಿಗೆ ಗುಮ್ಮಟ ಇಷ್ಟ ಆಯ್ತು, ಕಟ್ಟಿಸಿದ.

ಪೂರ್ವದ ಬಾಗಿಲು: ಕೇರಳದಿಂದ ಮಕ್ಕಾ ಇರೋದು ಪಶ್ಚಿಮಕ್ಕೆ. ಮಿಹ್ರಾಬ್, ಅಂದ್ರೆ ಮಕ್ಕಾ ದಿಕ್ಕು ತೋರಿಸೋ ಗೂಡು, ಪಶ್ಚಿಮದ ಗೋಡೇಲಿ ಬಂದ್ರೆ ಒಳಗೆ ಬರೋ ಬಾಗಿಲು ಪೂರ್ವಕ್ಕೆ ಬರದೆ ಇನ್ನೆಲ್ಲಿಗೆ ಬರುತ್ತೆ? ಕೆರೆ ಕೈಕಾಲು ಮುಖ ತೊಳೆಯೋಕೆ. ಇನ್ನು ಒಳಗಿನ ನಕ್ಷೆ ನೋಡಿ. ದೇವಸ್ಥಾನಕ್ಕೆ ಕತ್ತಲ ಗರ್ಭಗುಡಿ ಬೇಕು, ಸುತ್ತು ಬರೋ ದಾರಿ ಬೇಕು. ಮಿಶ್ಕಾಲಿನಲ್ಲಿ ಅಗಲವಾದ ಒಂದೇ ಹಜಾರ, ಸಾಲಾಗಿ ನಿಲ್ಲೋಕೆ. 24 ಕೆತ್ತನೆ ಕಂಬ, 47 ಬಾಗಿಲು. ಗಾಳಿ ಬೆಳಕು ಬರಲಿ ಅಂತಲೇ ಕಟ್ಟಿದ್ದು. ಹೊರಗಿನ ಮಾಡು ನೋಡಿ ಒಳಗಿನ ದೇವರನ್ನ ಗುರುತಿಸೋಕೆ ಆಗಲ್ಲ.

ನೇರ ಮಾತು
ಎಲ್ಲಾ ಕಡೆ ನೀವು ಹೇಳಿದ ಹಾಗೇ ಆಗಿಲ್ಲ. ಅದನ್ನೂ ಹೇಳಿ.

ಇತಿಹಾಸದ ಹುಚ್ಚ
ಎಲ್ಲಾ ಕಡೆ ಆಗಿಲ್ಲ, ಒಪ್ಪಿದೆ. ನಾನು ಹೇಳ್ತಾ ಇರೋದು ಈ ಒಂದರ ವಿಷಯ. ಬೇಕಾದ್ರೆ ಅದೇ ಕುಟ್ಟಿಚ್ಚಿರದಲ್ಲಿ ಮುಚ್ಚುಂದಿ ಪಳ್ಳಿ ನೋಡಿ. ಅಲ್ಲಿ ಹದಿಮೂರನೇ ಶತಮಾನದ ಕಲ್ಬರಹ ಇದೆ, ಒಂದೇ ಕಲ್ಲಲ್ಲಿ ಅರಬ್ಬಿ, ಕೇರಳದ ಹಳೇ ಲಿಪಿ ವಟ್ಟೆಳುತ್ತು ಎರಡೂ. ಮಸೀದಿಯ ದಿನದ ಖರ್ಚಿಗೆ ಕೋಯಿಕ್ಕೋಡಿನ ರಾಜ ಸಾಮೂದಿರಿ ಬಿಟ್ಟ ದತ್ತಿಯ ವಿಷಯ ಅದರಲ್ಲಿದೆ. ಹಿಂದೂ ರಾಜ, ಮಸೀದಿಗೆ ದತ್ತಿ. ಮೆಣಸು ಕೊಳ್ಳೋಕೆ ಬರೋ ಗಿರಾಕೀನ ಉಳಿಸಿಕೊಳ್ಳೋ ಬುದ್ಧಿ ಅವನಿಗಿತ್ತು.

ಉಳಿ ಬಾಚಿ
ನಾನು ಮರದ ಕೆಲಸದವನು, ವಿರಾಜಪೇಟೆ ಕಡೆ. ನಮ್ಮ ತಂದೆ, ಅಜ್ಜ ಎಲ್ಲ ಇದೇ. ಓದಿದ್ದು ಕಮ್ಮಿ, ಅದಕ್ಕೆ ಕೈಗೆ ಗೊತ್ತಿರೋದನ್ನ ಹೇಳ್ತೀನಿ.

ಮಲೆಯಾಳದ ಕಡೆ ಹಳೇ ಮನೆ, ಹಳೇ ಗುಡಿ, ಹಳೇ ಪಳ್ಳಿ ಮೂರನ್ನೂ ಕಟ್ಟಿದ್ದು ಒಂದೇ ಆಶಾರಿಗಳು, ಅಂದ್ರೆ ಅಲ್ಲಿನ ಬಡಗಿಗಳು. ಅವರಿಗೆ ಗೊತ್ತಿದ್ದ ಲೆಕ್ಕ ಒಂದೇ. ಮಾಡಿನ ಇಳಿಜಾರು ಎಷ್ಟು, ಪಕ್ಕಾಸು ಎಷ್ಟು ಹೊರಗೆ ಚಾಚಬೇಕು, ತೊಲೆ ಎಷ್ಟು ದಪ್ಪ. ಧಣಿ ಬಂದು "ನಮಗೆ ನಮಾಜಿಗೆ ಒಂದು ಜಾಗ ಬೇಕು" ಅಂದ್ರೆ ಅವನು ತನ್ನ ಲೆಕ್ಕದಲ್ಲೇ ಕಟ್ಟಿ ಕೊಡ್ತಾನೆ. ವಿಗ್ರಹ ಕೆತ್ತೋ ಜಾಗದಲ್ಲಿ ಬಳ್ಳಿ, ಹೂವು ಕೆತ್ತುತ್ತಾನೆ ಅಷ್ಟೇ.

ಅಗಲವಾದ ಸೂರು ಚಂದಕ್ಕೆ ಅಲ್ಲ. ಗೋಡೆ ಕೆಂಪುಕಲ್ಲಿಂದು, ಅದಕ್ಕೆ ಎರಚಲು ಹೊಡೀತಾ ಇದ್ರೆ ಹತ್ತು ವರ್ಷಕ್ಕೆ ಪುಡಿಪುಡಿ. ಸೂರು ಮೂರಡಿ ಹೊರಗೆ ಬಂದ್ರೆ ಗೋಡೆ ಒಣಗಿರುತ್ತೆ. ಮಾಡಿನ ತುದೀಲಿ ತ್ರಿಕೋನದ ಜಾಲರಿ ನೋಡಿದ್ರಲ್ಲ, ಅಟ್ಟದ ಬಿಸಿ ಗಾಳಿ ಹೊರಗೆ ಹೋಗೋಕೆ ಅದು. ಅದನ್ನ ಮುಚ್ಚಿದ್ರೆ ಒಳಗಿನ ಮರ ಬೆವರಿ ಬೂಷ್ಟು ಹಿಡಿಯುತ್ತೆ. ಈಗಿನವರು ಬಾವಲಿ ಬರುತ್ತೆ ಅಂತ ಅಲ್ಲಿಗೆ ಶೀಟು ಹೊಡೆಸ್ತಾರೆ. ಆಮೇಲೆ ನನಗೇ ಫೋನು, "ಆಚಾರಿ, ತೊಲೆ ಕುಂಬಾಯ್ತಲ್ಲ" ಅಂತ.

ಐಮರದ ಮೇಲೆ
ಉಳಿ ಬಾಚಿ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಮ್ಮ ಐನ್‌ಮನೇಲಿ, ಅಂದ್ರೆ ಕುಟುಂಬದ ಮೂಲಮನೇಲಿ, ಕೈಯಾಲೆಯ (ಮುಂದಿನ ಜಗಲಿಯ) ಕಂಬ, ಕಂಬದ ಮಧ್ಯೆ ಕೂರೋ ಐಮರ, ನಡು ಅಂಗಳದ ಸುತ್ತ ಇಳಿಜಾರು ಮಾಡು, ಎಲ್ಲ ಮಲಬಾರಿನ ಕೈ. ನೆಲ್ಲಕ್ಕಿ ನಡುಬಾಡೆಯ (ದೀಪ ಇಡೋ ನಡುಮನೆಯ) ಬಾಗಿಲ ಮೇಲಿನ ಕೆತ್ತನೆ ಮಾಡಿದವರು ಘಾಟಿ ಕೆಳಗಿನವರು ಅಂತ ನಮ್ಮ ಅಜ್ಜಿ ಹೇಳ್ತಿದ್ರು. ವರ್ಷಗಟ್ಟಲೆ ಇಲ್ಲೇ ಉಂಡು ಮಲಗಿ ಕೆಲಸ ಮಾಡಿದ್ರಂತೆ.

ಘಾಟಿ ಸಂಬಂಧ ಇವತ್ತಿಂದಲ್ಲ. ಕಣ್ಣೂರು ಕಡೆಯ ಪಯ್ಯಾವೂರು ಶಿವನಿಗೆ ಈಗಲೂ ಕೊಡಗಿನಿಂದ ಎತ್ತಿನ ಮೇಲೆ ಅಕ್ಕಿ ಹೋಗುತ್ತೆ. ಆಗಿನ ಕಾಲದಲ್ಲಿ ಅಕ್ಕಿ ಕೆಳಗೆ, ಉಪ್ಪು ಮೇಲೆ.

ಬಂದರು ಬ್ಯಾರಿ
ಎಂತ ಮಾರಾಯ್ರೆ, ಎಲ್ಲರೂ ಕೋಯಿಕ್ಕೋಡಿಗೆ ಓಡ್ತೀರಿ, ಮಂಗಳೂರು ಕಾಣುದೇ ಇಲ್ವಾ? ನಮ್ಮ ಬಂದರಿನ ಝೀನತ್ ಬಕ್ಷ್ ಮಸೀದಿ ನೋಡಿ. ಒಳಗೆ ತೇಗದ ಕಂಬ, ಅದರ ಮೇಲಿನ ಕೆತ್ತನೆ ನೋಡಿದ್ರೆ ಕೈ ತಾನಾಗಿ ಹೋಗ್ತದೆ ಮುಟ್ಲಿಕ್ಕೆ. ಇಸವಿ 644, ಇಸ್ಲಾಂ ಸಾರಲಿಕ್ಕೆ ಬಂದ ಮಾಲಿಕ್ ದೀನಾರ್ ಕಾಲದ್ದು. ಮಿಶ್ಕಾಲ್‌ಗಿಂತ ಏಳುನೂರು ವರ್ಷ ಹಳೇದು!

ಇತಿಹಾಸದ ಹುಚ್ಚ
ಬ್ಯಾರಿಗಳೇ, 644 ಅನ್ನೋದು ಸಂಪ್ರದಾಯದ ಲೆಕ್ಕ. ಮಾಲಿಕ್ ದೀನಾರ್ ಮತ್ತು ಅವರ ಕಡೆಯವರು ಕೊಡುಂಗಲ್ಲೂರು, ಕಾಸರಗೋಡು, ಮಂಗಳೂರು, ಬಾರ್ಕೂರು ಅಂತ ಕರಾವಳಿ ಉದ್ದಕ್ಕೂ ಹತ್ತು ಮಸೀದಿ ಕಟ್ಟಿದ್ರು ಅನ್ನೋ ಕಥೆ ಅದು. ಕೊಡುಂಗಲ್ಲೂರಿನ ಚೇರಮಾನ್ ಪಳ್ಳಿಗೆ 629 ಅಂತಾರೆ. ಅಷ್ಟು ಹಿಂದಿನ ಇಸವಿಯನ್ನ ಇತಿಹಾಸಕಾರರು ಒಪ್ಪಲ್ಲ. ಜಾಗ ಹಳೇದು, ನಂಬಿಕೆ ಹಳೇದು, ಈಗ ನಿಂತಿರೋ ಮರ ಅಷ್ಟು ಹಳೇದಲ್ಲ. ನಿಮ್ಮ ಝೀನತ್ ಬಕ್ಷನ್ನ ಟಿಪ್ಪು 1784ರಲ್ಲಿ ಹೊಸದಾಗಿ ಕಟ್ಟಿಸಿದ, ಆ ಹೆಸರು ಅವನ ಮಗಳದ್ದು ಅಂತ ನೀವೇ ಹೇಳ್ತೀರಲ್ಲ.

ಬಂದರು ಬ್ಯಾರಿ
ಮರ ಹೊಸತಾದ್ರೆ ಮಸೀದಿ ಹೊಸತಾಗ್ತದಾ? ನಮ್ಮಜ್ಜನ ಕೊಡಲಿಗೆ ಮೂರು ಸರ್ತಿ ಹಿಡಿ ಹಾಕಿದ್ದೇವೆ, ಎರಡು ಸರ್ತಿ ಅಲಗು ಬದಲಾಯಿಸಿದ್ದೇವೆ. ಈಗಲೂ ಅದು ಅಜ್ಜನ ಕೊಡಲಿಯೇ.

ಉಳಿ ಬಾಚಿ
ಈ ಮಾತಿಗೆ ಒಂದು ಸಲಾಂ.

ಸೋಮವಾರಪೇಟೆ ಸುಬ್ಬ
ಟಿಪ್ಪು ಹೆಸರು ಬಂತಲ್ಲ. ಕೊಡಗಿನವರಾಗಿ ಆ ಹೆಸರನ್ನ ಇಷ್ಟು ಸಲೀಸಾಗಿ ಹೇಳ್ತೀರಲ್ಲ, ನಾಚಿಕೆ ಆಗಲ್ವಾ? ಅವನ ದಂಡು ಕೊಡವರನ್ನ ಕೊಂದ ದೇವಟ್ಟಿಪರಂಬು ಮರೆತೋಯ್ತಾ?

ನೇರ ಮಾತು
+1

ಬಂದರು ಬ್ಯಾರಿ
ನಾನು ಮಸೀದಿಯ ಕಂಬದ ವಿಷಯ ಹೇಳಿದ್ದು ಮಾರಾಯ್ರೆ.

ನಿರ್ವಾಹಕ
ಟಿಪ್ಪು ಚರ್ಚೆಗೆ ಬೇರೆ ಎಳೆ ಇದೆ, 412 ಉತ್ತರ ಆಗಿ ಅಲ್ಲೇ ಬೀಗ ಬಿದ್ದಿದೆ. ಇಲ್ಲಿ ಮಸೀದಿ ಕಟ್ಟೋ ವಿಧಾನ ಮಾತ್ರ. ಮೂರು ಉತ್ತರ ತೆಗೆದಿದ್ದೇನೆ, ಯಾರದ್ದು ಅಂತ ಅವರಿಗೇ ಗೊತ್ತು.

ಗುಲ್ಬರ್ಗದ ಮೇಷ್ಟ್ರು
ನಾ ಇಲ್ಲೆ ಕುಶಾಲನಗರದಾಗ ಸಾಲಿ ಮಾಸ್ತರ ಅದೀನ್ರಿ, ಊರು ಕಲಬುರಗಿ. ಮಳಿ ಸಲುವಾಗಿ ಮಾಡು ಅಂತ ಎಲ್ಲಾರೂ ಹೇಳಾಕತ್ತೀರಿ, ಹೌದು. ಆದ್ರ ನಮ್ಮ ಕಲಬುರಗಿ ಕೋಟಿ ಒಳಗಿನ ಜಾಮಿ ಮಸೀದಿ ನೋಡ್ರಿ. 1367ರಾಗ ಕಟ್ಟಿದ್ದು, ಬಹಮನಿ ಮೊದಲನೇ ಮಹಮ್ಮದ್ ಷಾನ ಕಾಲ. ಕಟ್ಟಿದಾಂವ ರಫೀ ಅಂತ, ಇರಾನದ ಕಜ್ವೀನ್ ಊರಾಂವ. ಭಾಳಷ್ಟು ದೊಡ್ಡ ಮಸೀದಿಗೆ ನಡುವ ಬಯಲು ಅಂಗಳ ಇರತೈತಿ, ಇದಕ್ಕ ಇಲ್ಲ! ಪೂರ್ತಿ ಮುಚ್ಚಿಗಿ. ಸಾಲ ಸಾಲ ಸಣ್ಣ ಗುಮ್ಮಟ, ಪಶ್ಚಿಮಕ್ಕ ಒಂದು ದೊಡ್ಡದು. ಒಳಗ ನಿಂತ್ರ ಕಮಾನಿನ ಹಿಂದ ಕಮಾನು, ಕಮಾನಿನ ಹಿಂದ ಕಮಾನು, ಕಣ್ಣು ಎಲ್ಲಿ ನಿಲ್ಲಬೇಕಂತ ಗೊತ್ತಾಗಂಗಿಲ್ಲ. ನಮ್ಮ ಕಡೆ ಮಳಿ ಎಲ್ಲೈತ್ರಿ? ಆದ್ರೂ ಮುಚ್ಚ್ಯಾರ. ಹಂಗಾಗಿ ಎಲ್ಲಾದಕ್ಕೂ ಮಳೀನ ಕಾರಣ ಮಾಡಬ್ಯಾಡ್ರಿ.

ಇತಿಹಾಸದ ಹುಚ್ಚ
ಮೇಷ್ಟ್ರೇ, ಒಳ್ಳೇ ಮಾತು. ಅಲ್ಲಿ ಬಿಸಿಲು ತಡೆಯೋಕಂತೂ ಬೇಕಿತ್ತು. ಆದ್ರೆ ನನಗೆ ಕಾಣೋದು ಬೇರೆ: ಅಲ್ಲಿ ಕೆಲಸಗಾರ ಇರಾನಿನಿಂದ ಬಂದ, ಕಮಾನಿನ ಲೆಕ್ಕ ತಂದ. ಕೋಯಿಕ್ಕೋಡಿಗೆ ಯಜಮಾನ ಮಾತ್ರ ಹೊರಗಿನಿಂದ ಬಂದ, ಉಳಿ ಹಿಡಿದವನು ಊರವನೇ. ಎರಡಕ್ಕೂ ಒಂದು ತಲೆಮಾರಿನಷ್ಟೇ ಅಂತರ, ಆದ್ರೂ ಒಂದಕ್ಕೊಂದು ನೆಂಟಸ್ತನವೇ ಇಲ್ಲ.

ಕಕ್ಕಡ ಮಳೆ
ನಾನು ಕೊಡವ ಮಾಪಿಳೆ, ಅಂದ್ರೆ ಕೊಡವ ಮಾತಾಡೋ ಮುಸ್ಲಿಂ. ಮನೆಯಲ್ಲಿ ಕೊಡವ ತಕ್ಕ್, ಮಸೀದಿಯಲ್ಲಿ ಮಲಯಾಳಂ, ತಾಲೂಕು ಕಚೇರಿಯಲ್ಲಿ ಕನ್ನಡ. ಇಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದೆ. ಮಂಜಿನೂರಿನ ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಅದಕ್ಕೆ ಬರೀತಾ ಇದ್ದೇನೆ.

ಇತ್ತು. ನಮ್ಮೂರಲ್ಲೇ ಇತ್ತು. ಊರ ಹೆಸರು ಬೇಡ, ಜಗಳ ಆಗ್ತದೆ. ಸಣ್ಣ ಪಳ್ಳಿ, ಎರಡು ಅಂತಸ್ತು, ಕೆಂಪುಕಲ್ಲಿನ ಗೋಡೆ, ಮೇಲೆ ಹಂಚು. ಸುತ್ತ ಜಗಲಿ, ಜಗಲಿಯಲ್ಲಿ ಮರದ ಕಂಬ. ಮುಂದೆ ಹೌಳ್, ಅಂದ್ರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯೋ (ವುಳೂ ಮಾಡೋ) ಕೊಳ, ಅದರಲ್ಲಿ ಸಣ್ಣ ಮೀನು. ಚಿಕ್ಕವನಿದ್ದಾಗ ಕಾಲು ಇಳಿಬಿಟ್ಟು ಕೂತ್ರೆ ಮೀನು ಕಚಗುಳಿ ಇಡ್ತಿತ್ತು, ನಗು ತಡೆಯಲಾಗದೆ ಉಸ್ತಾದರ ಹತ್ತಿರ ಕಿವಿ ಹಿಂಡಿಸಿಕೊಂಡಿದ್ದೇನೆ. ಮೇಲಿನ ಅಟ್ಟಕ್ಕೆ ಹೋಗೋ ಏಣಿ ಮೂರನೇ ಮೆಟ್ಟಿಲಿನಲ್ಲಿ ಕಿರ್ ಅಂತಿತ್ತು. ತಡವಾಗಿ ಬಂದವರು ಯಾರು ಅಂತ ಕೆಳಗಿದ್ದವರಿಗೆಲ್ಲ ಗೊತ್ತಾಗ್ತಿತ್ತು.

ಗಲ್ಫಿನ ದುಡ್ಡು ಬಂತು. ಕಮಿಟಿಯವರು ಕೂತು, "ಇದು ಮನೆ ಥರ ಉಂಟು, ಮಸೀದಿ ಥರ ಇಲ್ಲ" ಅಂದ್ರು. ಕೆಡವಿದ್ರು. ಕಾಂಕ್ರೀಟು, ದೊಡ್ಡ ಹಸಿರು ಗುಮ್ಮಟ, ಎರಡು ಮಿನಾರ್. ಮೊದಲ ಕಕ್ಕಡದಲ್ಲೇ, ಜೋರು ಮಳೆಯ ಆ ತಿಂಗಳಲ್ಲೇ, ಗುಮ್ಮಟದ ಬುಡದಿಂದ ನೀರು. ನಮ್ಮಲ್ಲಿ ಒಂದು ರಾತ್ರಿಗೆ ಐನೂರು ಸೆಂಟ್ಸ್, ಅಂದ್ರೆ ಐದು ಇಂಚು, ಬೀಳೋ ಮಳೆ, ಅದು ಸುಮ್ಮನೆ ಬಿಡ್ತದಾ? ಈಗ ಸರಿಯಾಗಿ ಎರಡನೇ ಸಾಲಿನ ಮಧ್ಯೆ ಪೇಂಟಿನ ಬಕೆಟ್ ಇಡ್ತಾರೆ. ಇಮಾಮರು ಓದ್ತಾ ಇರುವಾಗ ಟಪ್, ಟಪ್. ಎರಡು ಸಲ ವಾಟರ್‌ಪ್ರೂಫಿಂಗ್ ಮಾಡಿಸಿ ಆಯ್ತು. ಕೊನೆಗೆ ಹೋದ ವರ್ಷ ಗುಮ್ಮಟದ ಮೇಲೇ ಕಬ್ಬಿಣದ ಶೀಟಿನ ಮಾಡು ಹಾಕಿದ್ರು. ಈಗ ಹೊರಗಿನಿಂದ ನೋಡಿದ್ರೆ ಗುಮ್ಮಟವೂ ಕಾಣಲ್ಲ. ಕಾಫಿ ಗೋಡೌನ್ ಥರ ಕಾಣ್ತದೆ.

ಗೋಣಿಕೊಪ್ಪ ಎಕ್ಸ್‌ಪ್ರೆಸ್
ನಗಬಾರದು, ಆದ್ರೂ ನಗು ಬಂತು ಕಾಕ. ಕ್ಷಮಿಸಿ.

ಕಕ್ಕಡ ಮಳೆ
ನಗಿ. ನಾವೂ ನಗ್ತೇವೆ, ಕಮಿಟಿಯವರು ಇಲ್ಲದಾಗ.

ಮಂಜಿನೂರು
ಇದು ಬರೀ ಮಸೀದಿ ಕಥೆ ಅಲ್ಲ ಕಾಕ. ನಮ್ಮ ಬೀದಿಯಲ್ಲಿ ಹಂಚಿನ ಮನೆ ಕೆಡವಿ ತಾರಸಿ ಹಾಕಿಸಿದವರೆಲ್ಲ ಈಗ ತಾರಸಿ ಮೇಲೆ ಶೀಟು ಹಾಕಿಸಿದ್ದಾರೆ. ನಾವೂ ಸೇರಿ. ಗದ್ದಿಗೆ ಗುಮ್ಮಟದ ಮೇಲೂ ಜೂನ್ ಬಂದ್ರೆ ಕಪ್ಪು ಪಾಚಿ. ಅದಂತೂ ರಾಜರ ಗಾರೆ ಕೆಲಸ, 1820ರಿಂದ ತಡ್ಕೊಂಡಿದೆ. ಲಿಂಗಾಯತ ರಾಜರ ಸಮಾಧಿ, ಮೇಲೆ ಗುಮ್ಮಟ, ಮೂಲೆಗೆ ನಂದಿ. ನನ್ನ ಮಗಳು ಕೇಳಿದ್ದಳು, "ಅಪ್ಪ, ನಂದಿ ಮಸೀದಿ ಮೇಲೆ ಯಾಕೆ ಕೂತಿದೆ?"

ಐಮರದ ಮೇಲೆ
ಓಂಕಾರೇಶ್ವರದ ಗುಮ್ಮಟದ ತುದೀಲಿ ಚಿನ್ನದ ಮುಲಾಮಿನ ಗುಂಡಿದೆ, ಗಾಳಿ ದಿಕ್ಕು ತೋರಿಸೋದು ಬೇರೆ ಇದೆ. ಕಾಫಿ ಕುಯ್ಯೋ ಕಾಲದಲ್ಲಿ ನಮ್ಮ ತಂದೆ ಅದನ್ನ ನೋಡಿ ಮಳೆ ಹೇಳ್ತಿದ್ರು. ಹತ್ತಕ್ಕೆ ಐದು ಸಲ ಸರಿ.

ಕಾವೇರಿ ಪ್ರಿಂಟರ್ಸ್ ಅಲ್ಲ
ಒಂದು ವಿಷಯ ಯಾರೂ ಹೇಳಲಿಲ್ಲ. ಮಿಶ್ಕಾಲಿನ ಮೇಲೆ "ಹಂಚು, ಹಂಚು" ಅಂತ ಎಲ್ಲ ಹೇಳ್ತಿದ್ದೀರಿ. ನಮಗೆ ಗೊತ್ತಿರೋ ಚಪ್ಪಟೆ ಮಂಗಳೂರು ಹಂಚು ಶುರುವಾಗಿದ್ದೇ 1865ರಲ್ಲಿ, ಬಾಸೆಲ್ ಮಿಶನ್‌ನವರ ಕಾರ್ಖಾನೆಯಿಂದ. ಮಿಶನರಿಗಳು ಮಾಡಿದ ಹಂಚು ದೇವಸ್ಥಾನದ ಮೇಲೂ ಹೋಯ್ತು, ಮಸೀದಿ ಮೇಲೂ ಹೋಯ್ತು. ಮಂಗಳೂರಿನವರು ಅದನ್ನ ಹೇಳ್ಕೊಳ್ಳೋದು ಬಿಟ್ಟು 644 ಅಂತ ಕೂತಿದ್ದಾರೆ.

ಬಂದರು ಬ್ಯಾರಿ
ಹಂಚು ನಮ್ಮದೇ, 644ಉ ನಮ್ಮದೇ. ಎರಡೂ ಬಿಡುದಿಲ್ಲ.

ವಿರಾಜಪೇಟೆ ಅಕ್ಕ
ಹೆಂಗಸರನ್ನ ಒಳಗೆ ಬಿಡ್ತಾರಾ? ಡಿಸೆಂಬರ್‌ನಲ್ಲಿ ಹೋಗೋ ಪ್ಲಾನ್ ಇದೆ.

ಕಕ್ಕಡ ಮಳೆ
ಅಕ್ಕ, ಮಲಬಾರಿನ ಹಳೇ ಸುನ್ನಿ ಪಳ್ಳಿಗಳಲ್ಲಿ ಹೆಂಗಸರು ಒಳಗೆ ಹೋಗೋ ರೂಢಿ ಇಲ್ಲ. ಹೊರಗಿನಿಂದ ಚೆನ್ನಾಗಿ ಕಾಣ್ತದೆ. ಕೆರೆಯ ಆ ದಡದಲ್ಲಿ ನಿಂತು ನೋಡಿ, ನಾಲ್ಕು ಮಾಡೂ ಒಟ್ಟಿಗೆ ಕಾಣ್ತದೆ.

ವಿರಾಜಪೇಟೆ ಅಕ್ಕ
47 ಬಾಗಿಲು ಇಟ್ಕೊಂಡು ನಮಗೆ ಒಂದೂ ಇಲ್ವಾ!

ಇತಿಹಾಸದ ಹುಚ್ಚ
ಅಕ್ಕ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕಕ್ಕಡ ಮಳೆಯವರ ಕಥೆಗೆ ಒಂದು ಸೇರಿಸ್ತೀನಿ. ಚೇರಮಾನ್ ಪಳ್ಳಿಗೂ ಇದೇ ಗತಿ ಬಂದಿತ್ತು. 1974ರಿಂದ ಮುಂದೆ ಜನ ಹೆಚ್ಚಾದ್ರು ಅಂತ ಹಳೇ ಕಟ್ಟಡಕ್ಕೆ ಕಾಂಕ್ರೀಟು ಸೇರಿಸ್ತಾ ಹೋದ್ರು, ಹಳೇ ರೂಪ ಮುಚ್ಚಿಹೋಯ್ತು. ಈಚೆಗೆ ಆ ಹೊಸದನ್ನ ತೆಗೆದು ಹಳೇ ಹಂಚಿನ ರೂಪಕ್ಕೆ ತಂದಿದ್ದಾರೆ. 2016ರಲ್ಲಿ ನಮ್ಮ ಪ್ರಧಾನಿ ಸೌದಿ ದೊರೆಗೆ ಕೊಟ್ಟ ಚಿನ್ನದ ಮುಲಾಮಿನ ಮಾದರಿ ಇದೇ ಮಸೀದಿಯದ್ದು. ಸೌದಿಗೆ ನಾವು ಮಾಡು ಕಳಿಸಿದ್ವಿ, ಇಲ್ಲಿ ಗುಮ್ಮಟ ಎಬ್ಬಿಸ್ತಾ ಇದ್ವಿ.

ನೇರ ಮಾತು
ಇದು ಮಾತ್ರ ಚೆನ್ನಾಗಿ ಹೇಳಿದ್ರಿ.

ಗುಲ್ಬರ್ಗದ ಮೇಷ್ಟ್ರು
ನೇರ ಮಾತು ಅವರು ಒಪ್ಪಿದ್ರು! ಯಾರಾರ ಸ್ಕ್ರೀನ್‌ಶಾಟ್ ತಗೋರ್ರೀ.

ಉಳಿ ಬಾಚಿ
@ಕಕ್ಕಡ ಮಳೆ ಕಾಕ, ಒಂದು ಕೇಳಬೇಕಿತ್ತು. ಕೆಡವಿದ ಮರ ಏನಾಯ್ತು? ಕಂಬ ಯಾವ ಮರದ್ದು?

ಕಕ್ಕಡ ಮಳೆ
ಬಾಗಿಲು, ಕಿಟಕಿ ಹರಾಜಾಯ್ತು. ದೊಡ್ಡ ಬಾಗಿಲು ಒಂದು ಹೋಮ್‌ಸ್ಟೇಯಲ್ಲಿ ಗಾಜು ಹಾಕಿ ಊಟದ ಮೇಜಾಗಿದೆ. ನಾನೇ ಅದರ ಮೇಲೆ ಚಾ ಕುಡಿದಿದ್ದೇನೆ. ಗಾಜಿನ ಕೆಳಗೆ ಹಳೇ ಅಗುಳಿಯ ತೂತು ಕಾಣ್ತದೆ. ಕಂಬ ಯಾರೂ ಕೊಳ್ಳಲಿಲ್ಲ, ಉದ್ದ ಕಮ್ಮಿ ಅಂತ. ಆರು ಕಂಬ ಪಳ್ಳಿ ಹಿಂದಿನ ಶೆಡ್ಡಿನಲ್ಲಿ, ಸೌದೆ ಕೆಳಗೆ ಬಿದ್ದಿದೆ. ಮರ ಯಾವುದು ಗೊತ್ತಿಲ್ಲ. ಕಪ್ಪಗೆ ಉಂಟು, ಇಬ್ಬರು ಎತ್ತಬೇಕು.

ಉಳಿ ಬಾಚಿ
ಇಬ್ಬರು ಎತ್ತಬೇಕು ಅಂದ್ರೆ ಬೀಟೆ ಇರಬಹುದು. ಇಷ್ಟು ವರ್ಷ ನೆಲದಲ್ಲಿ ಬಿದ್ದೂ ಗೆದ್ದಲು ತಿಂದಿಲ್ವಾ?

ಕಕ್ಕಡ ಮಳೆ
ಸೌದೆ ತಿಂದಿದೆ. ಕಂಬ ಮುಟ್ಟಿಲ್ಲ.

ಉಳಿ ಬಾಚಿ
ಬುಡದಲ್ಲಿ, ತಲೆಯಲ್ಲಿ ಕೂರಿಸೋ ಗೂಟ ಇದೆಯಾ ನೋಡಿ. ಇದ್ರೆ ಗರಗಸ ಹಾಕೋಕೆ ಯಾರಿಗೂ ಬಿಡಬೇಡಿ. ಭಾನುವಾರ ನಾನು ಟೇಪು ಹಿಡ್ಕೊಂಡು ಬರ್ತೀನಿ. ಅಳತೆ ಸಿಕ್ಕಿದ್ರೆ ಮದರಸಾ ಮುಂದೆ ಒಂದು ಜಗಲಿ ನಿಲ್ಲಿಸಬಹುದು, ಆರು ಕಂಬಕ್ಕೆ ಸರಿಯಾಗಿ. ಕೂಲಿ ಮಾತಾಡೋದು ಆಮೇಲೆ.

ಮಂಜಿನೂರು
ನಾನೂ ಬರ್ತೀನಿ. ಕ್ಯಾಮೆರಾ ತರ್ತೀನಿ.

ನೇರ ಮಾತು
ನನ್ನ ಹತ್ತಿರ ಪಿಕಪ್ ಇದೆ. ಏನಾದ್ರೂ ಸಾಗಿಸೋದಿದ್ರೆ ಹೇಳಿ. ಡೀಸೆಲ್ ಹಾಕಿಸಿ ಸಾಕು.

ಕಕ್ಕಡ ಮಳೆ
ಎಲ್ಲರೂ ಬನ್ನಿ. ಲುಹರ್ (ಮಧ್ಯಾಹ್ನದ ನಮಾಜು) ಮುಗಿದ ಮೇಲೆ, ಎರಡು ಗಂಟೆ ನಂತರ. ಶೆಡ್ಡಿನ ದಾರಿ ತೋಟದ ಮಧ್ಯೆ, ಜಿಗಣೆ ಜಾಸ್ತಿ ಉಂಟು. ಕಾಲಿಗೆ ಹಚ್ಚಲಿಕ್ಕೆ ಸುಣ್ಣ, ಹೊಗೆಸೊಪ್ಪು ನೀವೇ ತನ್ನಿ. ನಮ್ಮನೆಯದ್ದು ಖಾಲಿ.

ಗೋಣಿಕೊಪ್ಪ ಎಕ್ಸ್‌ಪ್ರೆಸ್
ಊಟ ಇದೆಯಾ ಕಾಕ?